ಶುಭ ಕೋರುವವರ ಬುಡಕ್ಕೆ ಸಿಕ್ಕ ಅಕ್ಕ

ಮುಧೋಳದ ರಸ್ತೆಯಲ್ಲಿ ಒಮ್ಮೆ ನಾಯಿಯೊಂದರ ಹುಟ್ಟುಹಬ್ಬದ ಫ್ಲೆಕ್ಸ್ ನೋಡಿದ್ದೆ. ನಾಯಿ ಒಂದು ಮೂಲೆಯಲ್ಲಿ ಅಂಚೆಚೀಟಿಯಷ್ಟಿತ್ತು. ಶುಭ ಕೋರುವವರು ಕಪ್ಪು ಕನ್ನಡಕ ಹಾಕಿಕೊಂಡು ಉಳಿದ ಜಾಗವನ್ನೆಲ್ಲ ತುಂಬಿದ್ದರು. ಅಷ್ಟು ಮಂದಿಯಲ್ಲಿ ಮರ್ಯಾದೆಯಿಂದ ಕೂತದ್ದು ಆ ನಾಯಿಯೊಂದೇ. ನಕ್ಕು ಮುಂದೆ ಹೋದೆ. ಆ ರೋಗ ನಾನು ಕಲಿಸುವ ಶಾಲೆಯೊಳಗೂ ಬಂದೀತು ಎಂದುಕೊಂಡಿರಲಿಲ್ಲ.

ಬನಹಟ್ಟಿಯ ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವ ಅಕ್ಕ ವಯಸ್ಸಾಗಿ ಕೆಲಸ ಬಿಡುವವರಿದ್ದರು. ನನ್ನ ತರಗತಿಯ ಹುಡುಗಿಯರು ಅವರಿಗೊಂದು ಪೋಸ್ಟರ್ ಮಾಡಿಕೊಡುತ್ತೇವೆಂದು ಹಟ ಹಿಡಿದರು. ನೂಲು ತುಂಬಿ ಬರುವ ರಟ್ಟಿನ ಪೆಟ್ಟಿಗೆ ಬಿಚ್ಚಿದರು. ಮಗ್ಗದ ಮನೆಗಳಲ್ಲಿ ಕತ್ತರಿಸಿ ಬಿಸಾಡುವ ಬಣ್ಣದ ಎಳೆಗಳನ್ನು ಆರಿಸಿ ತಂದು, ಒಂದೊಂದಾಗಿ ಅಂಟಿಸಿ, ರಟ್ಟಿನ ಮೇಲೆ ಅಕ್ಕನ ಮುಖ ಮೂಡಿಸಿದರು. ಬಿಳಿ ಎಳೆಯ ಕೂದಲು, ಕೆಂಪು ಎಳೆಯ ಕುಂಕುಮ, ಮುಂದಿನ ಹಲ್ಲೊಂದಿಲ್ಲದ ನಗು. ಮೈದಾಹಿಟ್ಟಿನ ಅಂಟು ಕುದಿಸಿ ಕೊಟ್ಟವರು ಸ್ವತಃ ಅಕ್ಕ, ಯಾತಕ್ಕೆಂದು ತಿಳಿಯದೆ.

"ಎಷ್ಟ ಅಂಟ ಬೇಕ ಬೇ ನಿಮಗ? ಸಾಲಿ ಗ್ವಾಡಿ ಬಿದ್ದೈತೇನ?" ಎಂದು ಬೈಯುತ್ತಲೇ ಇನ್ನೊಂದು ಬಟ್ಟಲು ಕೊಟ್ಟರು.

ಹುಡುಗಿಯರದು ಒಂದೇ ಚಿಂತೆ: ನೋಡಿದ ಕೂಡಲೇ ಅಕ್ಕನಿಗೆ ತನ್ನ ಗುರುತು ಸಿಗಬೇಕು.

ಬೀಳ್ಕೊಡುವ ಸಮಾರಂಭದ ಹಿಂದಿನ ದಿನ ಮುಖ್ಯಗುರುಗಳು ಬಂದು ನೋಡಿದರು. "ಛಲೋ ಆಗೇತ್ರಿ ಟೀಚರ. ಅಧ್ಯಕ್ಷರ ಫೋಟೊ ಎಲ್ಲೈತಿ?"

"ಇದು ಅಕ್ಕನ ಪೋಸ್ಟರ್ ಐತ್ರಿ ಸರ."

"ಅಕ್ಕಂದ ಖರೆ. ಕೊಡಾವ್ರು ಅಧ್ಯಕ್ಷರಲ್ಲೇನ್ರಿ?"

ಶಾಲಾ ಸಮಿತಿಯ ಅಧ್ಯಕ್ಷರ ಫೋಟೊ ಬಂತು. ಅದರ ಬೆನ್ನಿಗೆ ಉಪಾಧ್ಯಕ್ಷರದು, ಅದರ ಬೆನ್ನಿಗೆ ಸ್ಟೀಲಿನ ಲೋಟ ಕೊಡಿಸಿದ ದಾನಿಗಳದು, ಕೈಮುಗಿದುಕೊಂಡು. ಲೋಟದವರಿಗಿಂತ ತಾವು ಕೆಳಗಿದ್ದೇವೆಂದು ಉಪಾಧ್ಯಕ್ಷರಿಗೆ ಅದ್ಹೇಗೋ ಸುದ್ದಿ ಮುಟ್ಟಿ ಫೋನೇ ಬಂತು: "ನಾ ಏನ ಅವನ ಮನಿ ಆಳೇನ್ರಿ?" ಸರಿ, ಮೇಲಕ್ಕೆ ಏರಿಸಿದ್ದಾಯಿತು. ಮೇಲೆಂದರೆ ಅಕ್ಕನ ತಲೆ. ಕೂದಲು ಹೋಯಿತು, ಕಿವಿ ಹೋಯಿತು. ಕಡೆಗೆ ಮುಖ್ಯಗುರುಗಳು ನಾಚುತ್ತ ನಾಚುತ್ತ ಕಿಸೆಯಿಂದ ತಮ್ಮದೂ ಒಂದು ತೆಗೆದರು. ಅದು ನಗುವಿನ ಮೇಲೆ ಕೂತಿತು. ಉಳಿದದ್ದು ಕುಂಕುಮ ಮತ್ತು ಒಂದು ಕಣ್ಣು.

ಈ ಮಹನೀಯರಲ್ಲಿ ಒಬ್ಬರಾದರೂ ಆ ಒಲೆಯ ಮುಂದೆ ಗಳಿಗೆ ಹೊತ್ತು ನಿಂತವರಲ್ಲ. ಸಾರಿಗೆ ಉಪ್ಪು ಹೆಚ್ಚಾದ ದಿನ ಮಾತ್ರ ಅವರಿಗೆ ಅಡಿಗೆ ಕೋಣೆಯ ದಾರಿ ನೆನಪಾಗುತ್ತಿತ್ತು. ನನಗೆ ಮಾತು ಕಲಿಸಿದ ಅಜ್ಜಿ ಇಂಥವರ ಮೇಲೆ ಮಾತು ಖರ್ಚು ಮಾಡುತ್ತಿರಲಿಲ್ಲ. "ಹ್ಞೂಂ" ಎಂದು ಸೆರಗು ಕೊಡವುತ್ತಿದ್ದಳು. ಅಂದು ನನಗೂ ಅಷ್ಟೇ ಉಳಿದಿತ್ತು, ಕೊಡವಿದೆ.

ಸಮಾರಂಭದಲ್ಲಿ ಅಧ್ಯಕ್ಷರು ಪೋಸ್ಟರ್ ಕೊಟ್ಟರು. ಫೋಟೊ ತೆಗೆಯುವವನು, "ಅಕ್ಕಾರ, ಚೂರು ಸರೀರಿ, ಸಾಹೇಬ್ರು ಕಾಣಾಕತ್ತಿಲ್ಲ" ಎಂದ. ಅಕ್ಕ ಸರಿದರು. ಪೋಸ್ಟರನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು.

"ಭಾಳ ಮಂದಿ ಅದಾರಲ್ರಿ. ಯಾರ ಮದುವೀದು?"

ಅಧ್ಯಕ್ಷರು ಚಪ್ಪಾಳೆ ಬೀಳುತ್ತದೆಂದು ಕಾದು ನಿಂತಿದ್ದರು. ಹಿಂದಿನಿಂದ ಹುಡುಗಿಯೊಬ್ಬಳು ಅಳುಮೋರೆ ಮಾಡಿಕೊಂಡು ಕೂಗಿದಳು: "ಅದರಾಗ ನೀ ಅದಿ ಅಕ್ಕಾ, ಅವರ ಬುಡಕ!"

ಅಕ್ಕ ಪೋಸ್ಟರನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಹೋದರು.

ಸೋಮವಾರ ಊಟದ ಬಿಡುವಿನಲ್ಲಿ ನಮ್ಮ ತರಗತಿಯ ಬಾಗಿಲಿಗೆ ಬಂದು ನಿಂತಿದ್ದರು. ಒಂದು ಕೈಯಲ್ಲಿ ಪೋಸ್ಟರ್, ಇನ್ನೊಂದರಲ್ಲಿ ಹಳೆಯ ಪೇಪರಿನ ಪುಡಿಕೆ. ಪುಡಿಕೆಯೊಳಗೆ ಮಹನೀಯರೆಲ್ಲ ಹಪ್ಪಳದಂತೆ ಒಣಗಿ ಮಲಗಿದ್ದರು.

"ಬಿಸಿನೀರ ಹಚ್ಚಿ ಸಾವಕಾಶ ಬಿಡಿಸೇನ್ರಿ ಟೀಚರ, ಒಂದೂ ಹರದಿಲ್ಲ. ಅವರವರಿಗೆ ಮುಟ್ಟಸ್ರಿ. ನಂದು ಒಂದ ಖೋಲಿ ಮನಿ, ಇಷ್ಟ ಮಂದೀನ ಎಲ್ಲಿ ಇಟಗೊಳ್ಳಲಿ?"

"ಚಿತ್ರ ಕೆಟ್ಟಿತೇನ್ರಿ?" ಎಂದೆ.

"ಕೂದಲಾ ಒಂದೀಟ ಕಿತ್ತಾವ್ರಿ. ಇರಲಿ ಬಿಡ್ರಿ, ಖರೆ ತಲಿಮ್ಯಾಲೂ ಅಷ್ಟ ಉಳದಾವು."

ಆಮೇಲೆ ಪೋಸ್ಟರನ್ನು ತಮ್ಮ ಮುಖದ ಪಕ್ಕಕ್ಕೆ ಹಿಡಿದು, ಹುಡುಗಿಯರ ಕಡೆ ತಿರುಗಿ ಗದರಿಸಿದರು:

"ನನ್ನ ಹಲ್ಲ ಕಿತ್ತಾಕಿ ಯಾರ ಬೇ?"

ಇಡೀ ತರಗತಿ ಕೈ ಎತ್ತಿತು.