ದೇವರ ತಪ್ಪಲೆಗೆ ಕಲಾಯಿ

ನೆಲಮಂಗಲದ ಅರಳಿಕಟ್ಟೆಯ ಮೇಲೆ ಬೆಂಗಳೂರಿನ ಬಸ್ಸಿಗೆ ಕಾದು ಕಾದು ನನಗೆ ರೇಗಿಹೋಗಿತ್ತು. ಪಕ್ಕದಲ್ಲಿ ಕಲಾಯಿ ಸಾಬರು ತಿದಿ, ಇಕ್ಕಳ, ತವರವನ್ನು ಗಂಟು ಕಟ್ಟಿಕೊಂಡು ಕೂತಿದ್ದರು. ದೇಶ ಎರಡಾದ ಮೇಲೆ ಊರವರು ಅವರಿಗೆ ಪಾತ್ರೆ ಕೊಡುತ್ತಿಲ್ಲವಂತೆ. ಹೈದರಾಬಾದಿನ ಭಾವಮೈದುನನ ಮನೆಗೆ ಹೊರಟಿದ್ದರು.

ಅಷ್ಟರಲ್ಲಿ ಗುಡಿಯ ಮುದಿ ಅರ್ಚಕರು ನೈವೇದ್ಯದ ಹಿತ್ತಾಳೆ ತಪ್ಪಲೆಯನ್ನು ಹೊತ್ತು ತಂದು ಸಾಬರ ಮುಂದೆ ಧಡ್ಡನೆ ಇಳಿಸಿದರು.

"ಕಲಾಯಿ ಹೋಗಿದೆ. ಹುಳಿ ಹಾಕಿದ್ದೆಲ್ಲ ಕಿಲುಬಾಗತ್ತೆ."

ಕಟ್ಟೆಯ ಮೇಲಿದ್ದವನೊಬ್ಬ ಗೊಣಗಿದ: "ದೇವರ ಪಾತ್ರೆ ಇವನ ಕೈಗೆ ಕೊಡ್ತೀರಾ ಸ್ವಾಮಿ?"

"ಇಪ್ಪತ್ತು ವರ್ಷದಿಂದ ಇವನ ಕೈಗೇ ಕಣೋ ಕೊಟ್ಟಿರೋದು. ಹೋದ ಹಬ್ಬದಲ್ಲಿ ಎರಡು ಸಲ ಬಡಿಸ್ಕೊಂಡು ತಿಂದೆಯಲ್ಲ, ಆಗ ಗಂಟಲಲ್ಲಿ ಸಿಕ್ಕಿಹಾಕ್ಕೊಳ್ತಾ?" ಎಂದು ಗದರಿದ ಅರ್ಚಕರು ಸಾಬರ ಕಡೆ ತಿರುಗಿದರು. "ಯಾವಾಗಲೂ ಹೇಳೋ ಹಾಗೆ ನಿನ್ನ ದೇವರ ಹೆಸರು ಹೇಳಿ ಶುರು ಮಾಡಪ್ಪ. ಜೋರಾಗಿ ಹೇಳು, ನಮ್ಮ ಸ್ವಾಮಿಗೂ ಕೇಳಿಸ್ಲಿ."

ಗುಡಿಯ ಪಾತ್ರೆ ಇಷ್ಟು ವರ್ಷ ಆ ಹೆಸರು ಕೇಳಿಯೇ ಬೆಳಗುತ್ತಿತ್ತೆಂದು ನನಗೆ ಗೊತ್ತಿರಲಿಲ್ಲ.

ಸಾಬರು ಕಣ್ಣೊರೆಸಿಕೊಂಡರು. "ಬಿಸ್ಮಿಲ್ಲಾ" ಎಂದು ಗಂಟು ಬಿಚ್ಚಿದರು.

ಬಸ್ಸು ಬಂತು. ನಾನು ಹತ್ತಿದೆ, ಅವರು ಹತ್ತಲಿಲ್ಲ. ಕಿಟಕಿಗೆ ಅವರಿಬ್ಬರ ಮಾತು ಕೇಳಿಸುತ್ತಿತ್ತು.

"ಗುಡೀಲಿ ಇನ್ನೂ ಆರು ಪಾತ್ರೆ ಇದೆ. ತಿಂಗಳಿಗೊಂದು ತರ್ತೀನಿ."

"ಒಟ್ಟಿಗೇ ತನ್ನಿ ಸ್ವಾಮಿ, ಒಂದೇ ದಿನಕ್ಕೆ ಮುಗಿಸಿಕೊಡ್ತೀನಿ."

"ಮುಗಿಸಿ ಹೊರಟುಬಿಡ್ತೀಯ. ತಿಂಗಳಿಗೊಂದೇ!"