ಪುಟ್ಟತಾಯಮ್ಮನ ಬೆರಳು, ನನ್ನ ಬುದ್ಧಿಮಾತು

ನಿಮ್ಮ ಮನೆಯೊಳಗೆ ನೀವೇ ಎಂದಾದರೂ ಬಂದಿಯಾಗಿದ್ದೀರಾ? ನಾನು ಆಗಿದ್ದೆ.

ಹೊರಗಿನಿಂದ ಯಾರೂ ಬೀಗ ಜಡಿದಿರಲಿಲ್ಲ. ಒಳಗಿನ ಚಿಲಕ ಹಾಕಿದ್ದವಳೂ ನಾನೇ. ಬೆಳಿಗ್ಗೆ ಆರೂವರೆಗೆ ಅದನ್ನು ತೆಗೆಯಲು ಹೋದರೆ ಬೆರಳುಗಳು ಮಡಚುತ್ತಲೇ ಇಲ್ಲ. ಗೆಣ್ಣುಗಳೆಲ್ಲ ಊದಿಕೊಂಡು ಬಿಸಿಯಾಗಿದ್ದವು. ಹತ್ತು ಬೆರಳಿಗೆ ಒಂದು ಚಿಲಕ ಸರಿಸುವ ಶಕ್ತಿ ಇಲ್ಲ ಅಂದರೆ ನಂಬುತ್ತೀರಾ?

ಹೋದ ಮಳೆಗಾಲದ ಮಾತು. ಹುಣಸೂರಿನಲ್ಲಿ ನನ್ನದು ಎರಡು ಕೋಣೆಯ ಬಾಡಿಗೆ ಮನೆ. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತೇನೆ. ಇರುವುದು ಒಬ್ಬಳೇ. (ಮದುವೆ ಯಾಕಾಗಲಿಲ್ಲ ಎಂದು ಆಗಾಗ ಪತ್ರ ಬರೆದು ಕೇಳುವ ಈ ಅಂಕಣದ ಓದುಗರಿಗೆ: ಆಗಲಿಲ್ಲ, ಅಷ್ಟೇ.)

ಹೊರಗೆ ನಿಂತಿದ್ದವರು ಹಾಲಿನ ಪುಟ್ಟತಾಯಮ್ಮ. ಹನಗೋಡು ರಸ್ತೆಯ ಒಂದು ಊರಿನಿಂದ ಮೊದಲ ಬಸ್ಸಿಗೆ ಬಂದು, ನಮ್ಮ ಬೀದಿಯ ಏಳು ಮನೆಗೆ ಹಾಲು ಹಾಕಿ, ಎಂಟರ ಬಸ್ಸಿಗೆ ವಾಪಸ್ ಹೋಗುವವರು. ಅರವತ್ತರ ಹತ್ತಿರದ ವಯಸ್ಸು. ಆರು ವರ್ಷದಿಂದ ನನಗೂ ಅವರದೇ ಹಾಲು.

"ಮಿಸ್, ಹಾಲು!"

"ಬಂದೆ ಪುಟ್ಟತಾಯಮ್ಮ."

ಬಂದೆ ಎಂದು ಐದು ನಿಮಿಷವಾದರೂ ಬಾಗಿಲು ತೆರೆಯಲಿಲ್ಲ.

"ಯಾಕ್ ಮಿಸ್, ಉಸಾರಿಲ್ವಾ?"

"ಚಿಲಕ ತೆಗೆಯೋಕೆ ಆಗ್ತಿಲ್ಲ. ಕೈ ಮಡಿಸೋಕೇ ಆಗ್ತಿಲ್ಲ."

ಬೇರೆ ಯಾರಾದರೂ ಆಗಿದ್ದರೆ ಅಕ್ಕಪಕ್ಕದವರನ್ನು ಕೂಗಿ ಬೀದಿ ಸೇರಿಸುತ್ತಿದ್ದರು. ಪುಟ್ಟತಾಯಮ್ಮ ಬಾಗಿಲಿಗೆ ಬಾಯಿ ಹತ್ತಿರ ತಂದು ಮೆಲ್ಲಗೆ ಕೇಳಿದರು.

"ಬೆಳಗಾನೆ ಎದ್ದಾಗ ಇಂಗಾಗಿ, ಒತ್ತಾದ್ಮೇಲೆ ಸರ್ಯಾಯ್ತದಾ?"

"ಹೌದು."

"ಎಲ್ಡೂ ಕೈನಾ?"

"ಹೌದು."

"ಗಾಬರಿ ಬೀಳ್ಬ್ಯಾಡಿ. ಒಲೆ ಅಚ್ಚಿ, ಒಸಿ ನೀರ್ ಇಕ್ಕಿ."

"ಗ್ಯಾಸಿನ ತಿರುಪು ತಿರುಗಿಸೋಕೆ ಬೆರಳು ಬೇಕಲ್ಲ!"

"ಬೆರ್ಳು ಬ್ಯಾಡ ಕಣ್ ಮಿಸ್. ಎಲ್ಡು ಅಂಗೈ ಮದ್ಯ ಇಟ್ಕಂಡು ತಿರುಗ್ಸಿ. ನೀರು ಉಗುರ್ ಬೆಚ್ಚಗಾದ್ರೆ ಸಾಕು. ಪಾತ್ರೆ ಎತ್ತಕ್ ಓಗ್ಬ್ಯಾಡಿ, ಒಲೆ ಆರ್ಸಿ ಅಲ್ಲೇ ಕೈ ಇಳಿ ಬುಡಿ. ನಾನ್ ಇಲ್ಲೇ ಕುಂತಿರ್ತೀನಿ."

(ಪುಣ್ಯಕ್ಕೆ ನನ್ನದು ಲೈಟರ್ ಬೇಡದ ಸ್ಟವ್. ಪಾತ್ರೆಯಲ್ಲಿ ಹಿಂದಿನ ದಿನದ ನೀರೂ ಇತ್ತು.)

ಒಳಗೆ ನಾನು ಪಾತ್ರೆಯಲ್ಲಿ ಕೈ ಇಳಿಬಿಟ್ಟುಕೊಂಡು, ಹೊರಗೆ ಅವರು ಮೆಟ್ಟಿಲ ಮೇಲೆ. ಅರ್ಧ ಗಂಟೆ ಹಾಗೇ ಮಾತಾಡಿದೆವು. ಉಳಿದ ಮನೆಗಳ ಹಾಲು ತಡವಾಗುತ್ತದೆ, ಹೋಗಿ ಎಂದೆ. ಹೋಗಲಿಲ್ಲ. ಕೊನೆಗೆ ಚಿಲಕ ಸರಿಯಿತು.

"ಇದೆಲ್ಲ ನಿಮಗೆ ಹೇಗೆ ಗೊತ್ತು?" ಎಂದೆ.

"ನಂಗೂ ಅಂಗೇಯ. ವಾಯು ಕಣ್ ಮಿಸ್," ಎಂದು ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು. ಅಷ್ಟರಲ್ಲಿ ನಾನು ನೋಡಿಬಿಟ್ಟಿದ್ದೆ. ಗೆಣ್ಣುಗಳು ಉಬ್ಬಿದ್ದವು. ನಾಲ್ಕು ಬೆರಳೂ ಕಿರುಬೆರಳಿನ ದಿಕ್ಕಿಗೆ ವಾಲಿದ್ದವು.

ಆರು ವರ್ಷ ಆ ಕೈಗಳು ನನ್ನ ಪಾತ್ರೆಗೆ ಹಾಲು ಹೊಯ್ದಿವೆ. ನಾನು ನೋಡಿದ್ದು ಹಾಲನ್ನು. ಗಟ್ಟಿಯಿದೆಯೋ, ನೀರಾಗಿದೆಯೋ ಎಂದು.

ಮನೆಯವರೆಲ್ಲರಿಗಿಂತ ಮುಂಚೆ ಎದ್ದು, ಬಿಸಿನೀರಿನಲ್ಲಿ ಕೈ ನೆನೆಸಿ, ಬೆರಳು ಆಡಲು ಶುರುವಾದ ಮೇಲೆ ಹಾಲು ಕರೆಯಲು ಕೂರುತ್ತಿದ್ದರಂತೆ. ಮನೆಯಲ್ಲಿ ಒಬ್ಬರಿಗೂ ಗೊತ್ತಿಲ್ಲ. ಗಂಡ ತೀರಿಕೊಂಡ ಮೇಲೆ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ತಮ್ಮನ ಮನೆಗೆ ಬಂದವರು ಅವರು. ತಮ್ಮ ಮಹದೇವ, ಅವನ ಹೆಂಡತಿ, ಮಕ್ಕಳು, ಈಗ ಸೊಸೆ. ಮನೆ ತುಂಬ ಜನ.

"ಅಷ್ಟು ಜನ ಇದ್ದಾರಲ್ಲ, ಹೇಳಬಾರದಾ?"

"ಏಳುದ್ರೆ ಹಸ ಮಾರ್ಬುಡ್ತಾರೆ ಮಿಸ್. ಹಸ ಓದ್ರೆ ನಾನ್ ಯಾವ ನೆಪದಲ್ಲಿ ಹುಣ್ಸೂರ್ಗೆ ಬರ್ಲಿ? ಮನೇಲಿ ಕುಂತು ಗೋಡೆ ನೋಡ್ಬೇಕಷ್ಟೇಯ. ನೀವೂ ಯಾರ್ಗೂ ಏಳ್ಬ್ಯಾಡಿ."

ಹೇಳುವುದಿಲ್ಲ ಎಂದೆ. ಆ ಮಾತು ನನಗೆ ಕಷ್ಟವೇನಲ್ಲ. ನಾನೂ ಯಾರಿಗೂ ಹೇಳಿರಲಿಲ್ಲವಲ್ಲ! ಸೀಮೆಸುಣ್ಣ ಹಿಡಿಯಲಾಗದ ದಿನ "ಇವತ್ತು ನೀವೇ ಓದಿ" ಎಂದು ಮಕ್ಕಳಿಗೆ ಪುಸ್ತಕ ತೆರೆಸುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ಒಮ್ಮೆ ಬಾಯಿಬಿಟ್ಟಿದ್ದಕ್ಕೆ ಬಂದ ಉತ್ತರ: "ನೋಡೋಕೆ ಚೆನ್ನಾಗೇ ಇದ್ದೀರಲ್ಲ ಮೇಡಂ!" ಕೈ ಮುರಿದು ಪ್ಲಾಸ್ಟರ್ ಹಾಕಿಸಿಕೊಂಡರೆ ಜನ ಹಣ್ಣು ತಂದು ನೋಡುತ್ತಾರೆ. ಕೀಲಿನ ನೋವಿಗೆ ಪ್ಲಾಸ್ಟರ್ ಇಲ್ಲ. ಕಾಣದ ನೋವನ್ನು ಎಷ್ಟು ಸಲ ವಿವರಿಸುವುದು? ಒಂದು ಹಂತದಲ್ಲಿ ಸುಮ್ಮನಾಗುತ್ತೇವೆ. ಸುಮ್ಮನಾದ ಮೇಲೆ ಒಂಟಿಯಾಗುತ್ತೇವೆ.

ಮುಂದಿನ ವಾರ ಇಬ್ಬರೂ ಡಾಕ್ಟರ ಹತ್ತಿರ ಹೋದೆವು. ಮಿಸ್‌ಗೆ ಹುಷಾರಿಲ್ಲ, ಜೊತೆಗೆ ಹೋಗಬೇಕು ಎಂದು ಪುಟ್ಟತಾಯಮ್ಮ ಮನೆಯಲ್ಲಿ ಹೇಳಿ ಬಂದಿದ್ದರು. ನಮ್ಮೂರಿನ ಒಂದು ಕ್ಲಿನಿಕ್ಕಿಗೆ ತಿಂಗಳಿಗೊಮ್ಮೆ ಮೈಸೂರಿನಿಂದ ಕೀಲುರೋಗದ ಡಾಕ್ಟರು ಬರುತ್ತಾರೆ. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಎಲ್ಲ ಕಡೆಯವರೂ ಬೆಂಚಿನಲ್ಲಿದ್ದರು. ಪಕ್ಕದಲ್ಲಿ ಹಂಪಾಪುರದ ಹಿರಿಯರೊಬ್ಬರು ಮಂಡಿ ಸವರಿಕೊಳ್ಳುತ್ತಾ, "ಎಲ್ಲಾ ವಯಸ್ಸಿಂದು ಕಣವ್ವ. ಅನುಭವಿಸ್ಬೇಕು," ಎಂದರು. ಪುಟ್ಟತಾಯಮ್ಮ ಹೌದೆಂದು ತಲೆಯಾಡಿಸಿದರು.

ಡಾಕ್ಟರು ಒಪ್ಪಲಿಲ್ಲ. ಹೆಣ್ಣುಮಗಳು, ಮಾತು ನಿಧಾನ. ವಯಸ್ಸಿಗೆ ಸವೆಯುವ ಮಂಡಿ ಬೇರೆ, ಇದು ಬೇರೆ ಎಂದು ಬಿಡಿಸಿ ಹೇಳಿದರು. ಸವೆತದ ನೋವು ಸಾಮಾನ್ಯವಾಗಿ ಓಡಾಡಿದಾಗ ಹೆಚ್ಚು, ಕೂತರೆ ಕಡಿಮೆ. ನಮ್ಮಿಬ್ಬರದು ಸಂಧಿವಾತ. ದೇಹವನ್ನು ಕಾಯಬೇಕಾದ ಶಕ್ತಿಯೇ ತಪ್ಪಿ ಕೀಲಿನ ಮೇಲೆ ಬೀಳುತ್ತದೆ. ಬೆಳಗಿನ ಹೊತ್ತು ಗಂಟೆಗಟ್ಟಲೆ ಬಿಗಿತ, ಎರಡೂ ಕೈಗೆ ಒಟ್ಟಿಗೆ ಊತ, ಸುಸ್ತು. ಮೆಡಿಕಲ್ ಶಾಪಿನ ನೋವಿನ ಮಾತ್ರೆ ನೋವನ್ನಷ್ಟೇ ಮುಚ್ಚುತ್ತದೆ. ಒಳಗೆ ಕೀಲು ಹಾಳಾಗುತ್ತಲೇ ಇರುತ್ತದೆ.

"ಎಷ್ಟು ವರ್ಷ ಆಯ್ತಮ್ಮ?" ಎಂದು ಪುಟ್ಟತಾಯಮ್ಮನನ್ನು ಕೇಳಿದರು.

"ಒಂದ್ ಎಂಟೊಂಬತ್ ವರ್ಸ ಆಗಿರ್ಬೇಕು ಕಣವ್ವ."

ಡಾಕ್ಟರು ಸ್ವಲ್ಪ ಹೊತ್ತು ಆ ಕೈಗಳನ್ನು ಹಿಡಿದುಕೊಂಡೇ ಇದ್ದರು. "ವಾಲಿರೋ ಬೆರಳನ್ನ ಮಾತ್ರೆ ನೆಟ್ಟಗೆ ಮಾಡಲ್ಲ. ಇನ್ನೂ ವಾಲದೇ ಇರೋದನ್ನ ಉಳಿಸಿಕೊಳ್ಳಬಹುದು. ಶುರುವಿನಲ್ಲೇ ಬಂದಿದ್ದರೆ ಪೂರ್ತಿ ಉಳಿಸಬಹುದಿತ್ತೇನೋ."

ರಕ್ತ ಪರೀಕ್ಷೆ, ಎಕ್ಸ್‌ರೇ ಎಲ್ಲ ಆಯಿತು. ವಾರಕ್ಕೊಮ್ಮೆ ಮಾತ್ರ ನುಂಗಬೇಕಾದ ಮಾತ್ರೆ. ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ ಎಂದು ಎರಡೆರಡು ಸಲ ಹೇಳಿದರು. ಕೆಲಸ ಮಾಡಲು ವಾರಗಳೇ ಹಿಡಿಯುತ್ತವೆ, ಗುಣ ಕಾಣಲಿಲ್ಲ ಎಂದು ನೀವೇ ನಿಲ್ಲಿಸಬೇಡಿ, ಹೇಳಿದ ದಿನಕ್ಕೆ ರಕ್ತ ಪರೀಕ್ಷೆ ತಪ್ಪಿಸಬೇಡಿ ಎಂದರು.

ಪುಟ್ಟತಾಯಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಹಾಲು ಕರೀಬೌದಾ?"

"ಊತ ಜಾಸ್ತಿ ಇರೋ ದಿನ ಬೇಡ. ಉಳಿದ ದಿನ ಹೆಬ್ಬೆಟ್ಟು ಮಡಚಿ ಎಳೀಬೇಡಿ, ಪೂರ್ತಿ ಅಂಗೈಯಲ್ಲಿ ಕರೀರಿ, ಮಧ್ಯೆ ಮಧ್ಯೆ ಬಿಡಿ. ಕೆಲಸ ಬಿಡೋದಲ್ಲಮ್ಮ, ಮಾಡೋ ರೀತಿ ಬದಲಿಸ್ಕೊಳ್ಳಿ. ಕೈ ಆಡ್ತಾ ಇರಬೇಕು."

ಇಬ್ಬರಿಗೂ ಒಂದೊಂದು ಅಚ್ಚಿನ ಹಾಳೆ ಕೊಟ್ಟರು. ಒಂದು ಬದಿಗೆ ಮಾಡಬಾರದ್ದು, ಇನ್ನೊಂದು ಬದಿಗೆ ಮಾಡಬೇಕಾದ್ದು.

ಸೋಮವಾರ ನಮ್ಮಿಬ್ಬರ ಮಾತ್ರೆಯ ದಿನವಾಯಿತು. ಹಾಲು ಹೊಯ್ಯುತ್ತಾ ಅವರು, ಪಾತ್ರೆ ಹಿಡಿದು ನಾನು, "ಆಯ್ತಾ?" "ಆಯ್ತು" ಎನ್ನುತ್ತಿದ್ದೆವು. ಬೇರೆಯವರಿಗೆ ಇದು ಏನೂ ಅಲ್ಲ. ಸೋಮವಾರ ಬೆಳಿಗ್ಗೆ ನನ್ನನ್ನು "ಆಯ್ತಾ" ಎಂದು ಕೇಳುವವರು ಈ ಊರಿನಲ್ಲಿ ಬೇರೆ ಯಾರಿದ್ದರು?

ಎರಡು ತಿಂಗಳಿಗೆ ನನ್ನ ಊತ ಇಳಿಯಿತು. ಅವರದೂ ಇಳಿಯತೊಡಗಿತು. ಆದರೆ ರಕ್ತ ಪರೀಕ್ಷೆಯ ದಿನ ಅವರು ಕ್ಲಿನಿಕ್ಕಿಗೆ ಬರಲಿಲ್ಲ. ಹಾಲಿನ ಹೊತ್ತು ಬಿಟ್ಟು ಹೊರಡಲು ಮನೆಯಲ್ಲಿ ಮತ್ತೆ ಏನು ನೆಪ ಹೇಳುವುದು? ಇನ್ನೊಂದು ವಾರ ಕಳೆಯಿತು. ಆಗಲೂ ಇಲ್ಲ. ನನಗೆ ಭಯವಾಯಿತು. ಆ ಮಾತ್ರೆ ತೆಗೆದುಕೊಂಡು ಪರೀಕ್ಷೆ ತಪ್ಪಿಸುವುದು ಸಣ್ಣ ವಿಷಯವಲ್ಲ. ಮನೆಯವರಿಗೆ ಗೊತ್ತಿರಬೇಕು ಎಂದು ನಾನೊಬ್ಬಳೇ ತೀರ್ಮಾನಿಸಿದೆ.

ಭಾನುವಾರ ಬಸ್ ಹತ್ತಿ ಅವರ ಊರಿಗೆ ಹೋದೆ.

ಮೇಷ್ಟರ ಜಾತಿ ನೋಡಿ, ನಾಲ್ಕು ಜನ ಎದುರು ಕೂತರೆ ಪಾಠ ಶುರು! ಜಗುಲಿಯ ಮೇಲೆ ಮಹದೇವ, ಅವನ ಹೆಂಡತಿ, ಮಗ, ಸೊಸೆ. ನಾನು ಹಾಳೆ ಬಿಡಿಸಿ ಓದಿದೆ. ಭಾರ ಎತ್ತಬಾರದು. ಬಟ್ಟೆ ಹಿಂಡಬಾರದು. ಬೆರಳಿಗೆ ಬಿಗಿ ಬೀಳುವ ಕೆಲಸ ಒಂದೇ ಸಮನೆ ಮಾಡಬಾರದು. ಒಂದೊಂದಕ್ಕೂ ಉದಾಹರಣೆ ಕೊಟ್ಟೆ. ರಕ್ತ ಪರೀಕ್ಷೆಯ ವಿಷಯ ಒತ್ತಿ ಒತ್ತಿ ಹೇಳಿದೆ. ಅಷ್ಟರಲ್ಲಿ ಕಾಫಿ ಬಂತು. ಹಾಳೆ ಮಡಚಿ ಬ್ಯಾಗಿಗೆ ಹಾಕಿದೆ. ಇನ್ನೊಂದು ಬದಿ ತಿರುಗಿಸಲೇ ಇಲ್ಲ.

ಮಹದೇವನ ಕಣ್ಣು ಒದ್ದೆಯಾಗಿತ್ತು. "ನಮ್ಮಕ್ಕಯ್ಯ ಇಷ್ಟ್ ವರ್ಸ ಇಷ್ಟ್ ನೋವು ತಿಂದದೆ. ನಂಗ್ ಒಂದ್ ಮಾತ್ ಏಳಿಲ್ವಲ್ಲ ಮಿಸ್! ನೀವ್ ಬಂದಿದ್ ಒಳ್ಳೇದಾಯ್ತು."

ಒಳ್ಳೆಯ ಮನುಷ್ಯ. ಒಳ್ಳೆಯ ಮನೆ. ನನಗೆ ಖುಷಿಯಾಯಿತು. ಪುಟ್ಟತಾಯಮ್ಮ ಕೊಟ್ಟಿಗೆಯ ಹತ್ತಿರ ಹಸುವಿನ ಬೆನ್ನ ಮೇಲೆ ಕೈಯಿಟ್ಟು ನಿಂತು ಎಲ್ಲ ಕೇಳಿಸಿಕೊಂಡರು. ನನ್ನನ್ನು ರಸ್ತೆಯವರೆಗೆ ಬಿಡಲು ಬಂದರು. ಬಯ್ಯಲಿಲ್ಲ. "ಬಸ್ ಬತ್ತದೆ ಬುಡಿ," ಎಂದಷ್ಟೇ ಅಂದರು. ಅವರ ಮನಸ್ಸು ಹಗುರಾಗಿದೆ ಎಂದುಕೊಂಡೆ ನಾನು. (ಎಂಥ ದಡ್ಡಿ!)

ಎಂಟನೆಯ ದಿನ ಹಾಲು ಬರಲಿಲ್ಲ. ಮರುದಿನವೂ ಇಲ್ಲ. ಮಹದೇವನಿಗೆ ಫೋನ್ ಮಾಡಿದೆ.

"ಅಕ್ಕಯ್ಯಂಗೆ ಇನ್ ಕಷ್ಟ ಬ್ಯಾಡ ಅಂತ ಹಸ ಕೊಟ್ಬುಟ್ಟೆ ಮಿಸ್. ರಾವಂದೂರ್ ಕಡೆಯವ್ರು ಒಡ್ಕಂಡ್ ಓದ್ರು. ನೀವೇ ಏಳುದ್ರಲ್ಲ, ಬೆರ್ಳಿಗೆ ಬಿಗಿ ಬೀಳ್ಬಾರ್ದು ಅಂತವ?"

ಹೇಳಿದ್ದವಳು ನಾನೇ.

ಪುಟ್ಟತಾಯಮ್ಮ ಮತ್ತೆ ಸಿಕ್ಕಿದ್ದು ಕ್ಲಿನಿಕ್ಕಿನಲ್ಲಿ. ಮಹದೇವ ಬೈಕಿನಲ್ಲಿ ಕರೆತಂದಿದ್ದ. ರಕ್ತ ಪರೀಕ್ಷೆಯ ರಿಪೋರ್ಟ್ ಚೆನ್ನಾಗಿತ್ತು. ಊತ ಬಹಳಷ್ಟು ಇಳಿದಿತ್ತು. ಡಾಕ್ಟರು ಮುಷ್ಟಿ ಮಾಡಿಸಿ ನೋಡಿ, "ಭೇಷ್! ಇಷ್ಟು ಹಿಡಿತ ಬಂದರೆ ಆರಾಮಾಗಿ ಕೆಲಸ ಮಾಡಬಹುದು," ಎಂದರು. ಪುಟ್ಟತಾಯಮ್ಮ ತಮ್ಮ ಮುಷ್ಟಿಯನ್ನೇ ನೋಡುತ್ತಾ ಕೂತಿದ್ದರು.

ಮಹದೇವ ಮಾತ್ರೆ ತರಲು ಹೋದಾಗ ಬೆಂಚಿನ ಮೇಲೆ ನಾವಿಬ್ಬರೇ. "ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟು ಹೇಳಿಬಿಟ್ಟೆ. ತಪ್ಪಾಯ್ತು ಪುಟ್ಟತಾಯಮ್ಮ," ಎಂದೆ.

"ನೀವು ನನ್ ವಳ್ಳೇದ್ಕೇ ಏಳುದ್ರಿ ಬುಡಿ. ಮನೇಲೂ ಸೆಂದಾಗೇ ನೋಡ್ಕತಾವ್ರೆ. ಒಂದ್ ಲೋಟ ಎತ್ತಕ್ ಬುಡಕಿಲ್ಲ." ಆಮೇಲೆ ಕೇಳಿದರು: "ಮಿಸ್, ನಿಮ್ ಬೀದಿ ಕೊನೇ ಮನೆ ಮಗೀಗೆ ಅಲ್ಲು ಬಂತಾ?"

ಹಲ್ಲು ಬಂದಿದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಆ ಮನೆಯಲ್ಲಿ ಮಗು ಇದೆ ಎಂಬುದೂ ಗೊತ್ತಿರಲಿಲ್ಲ.

ಮಹದೇವ ಬಂದ ಮೇಲೆ ಡಾಕ್ಟರ ಮಾತನ್ನೆಲ್ಲ ಹೇಳಿದೆ. ಈ ಸಲ ಹಾಳೆಯ ಎರಡೂ ಬದಿ ಓದಿದೆ. ಇನ್ನೊಂದು ಹಸು ಕಟ್ಟಿದರೆ ತಪ್ಪಿಲ್ಲ, ಕೈ ಆಡುತ್ತಿರಬೇಕು ಎಂದು ಬೇಡಿಕೊಂಡೆ ಅಂದರೂ ಸರಿ.

ಅವನು ಪ್ರೀತಿಯಿಂದಲೇ ನಕ್ಕ. "ಈ ವಯಸ್ಸಲ್ಲಿ ಇನ್ಯಾಕ್ ಮಿಸ್ ಅಕ್ಕಯ್ಯಂಗೆ ದುಡಿಮೆ? ಆರಾಮಾಗ್ ಕುಂತಿರ್ಲಿ."

ಪುಟ್ಟತಾಯಮ್ಮ ಬೈಕಿನ ಹಿಂದೆ ಕೂತರು.

ಆರಾಮು ಬೇಕೆಂದು ಅವರು ಯಾರನ್ನು ಕೇಳಿದ್ದರು?