ಅಕ್ಕಿ ಡಬ್ಬಿಯ ಬಂಗಾರದ ಕಾರ್ಡು

ಬೀದರಿನಲ್ಲಿ ವಿಮಾನ ಕಂಪನಿಯ ಬಂಗಾರದ ಕಾರ್ಡು ಎಷ್ಟು ಜನರ ಹತ್ತಿರ ಇದೆಯೋ ನನಗೆ ಗೊತ್ತಿಲ್ಲ. ಅದನ್ನು ಅಕ್ಕಿ ಡಬ್ಬಿಯಲ್ಲಿ ಇಡುವವರು ಮಾತ್ರ ಒಬ್ಬರೇ, ಚಿದ್ರಿ ಬಡಾವಣೆಯ ಹಮೀದುನ್ನಿಸಾ ಆಪಾ. ಅದು ಬಂಗಾರವಲ್ಲ, ಬಂಗಾರದ ಬಣ್ಣದ ಪ್ಲಾಸ್ಟಿಕ್ಕು ಎಂದು ನಾನು ನೂರು ಸಲ ಹೇಳಿದ್ದೇನೆ. "ಇರ್ಲಿ ಬಿಡ್ರಿ, ಹೆಸರಾದ್ರೂ ಬಂಗಾರದ್ದೇ ಅದ" ಎಂದು ಮತ್ತೆ ಡಬ್ಬಿಯ ಮುಚ್ಚಳ ಹಾಕುತ್ತಾರೆ.

ನಾನು ಗುರುನಾಥ. ಹುಟ್ಟಿದ್ದು ಭಾಲ್ಕಿ, ಹೊಟ್ಟೆಪಾಡು ಬೀದರ. ಬಸ್ ಸ್ಟ್ಯಾಂಡಿನ ಹತ್ತಿರ ಹದಿನೆಂಟು ವರ್ಷದಿಂದ ಟಿಕೆಟ್ ಬುಕಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ನಾನು ಸ್ವತಃ ವಿಮಾನ ಹತ್ತಿದ್ದು ಎರಡೇ ಸಲ, ಎರಡೂ ಸಲ ಕಿಟಕಿ ಸೀಟು ಸಿಗಲಿಲ್ಲ. ಆದರೆ ನಿಯಮಗಳು ಬಾಯಿಪಾಠ. ಆ ನಿಯಮಗಳನ್ನು ಹಿಡಿದು ನನ್ನ ಜೊತೆ ಜಗಳ ಆಡಿದವರಲ್ಲಿ ಆಪಾ ಅವರಷ್ಟು ಗಟ್ಟಿಗರನ್ನು ನಾನು ನೋಡಿಲ್ಲ.

ಅವರ ಗಂಡ ಲಾಲ ಅಹ್ಮದ ಮದುವೆ ಮನೆಗಳ ಅಡುಗೆಯವರು. ಅವರ ಬಿರಿಯಾನಿ ಉಂಡವರು ಬೀದರಿನಲ್ಲಿ ಇನ್ನೂ ಬಾಯಿ ಚಪ್ಪರಿಸುತ್ತಾರೆ. ತೀರಿಕೊಂಡಾಗ ಆಪಾಗೆ ಬಿಟ್ಟುಹೋದದ್ದು ಎರಡು ಕೋಣೆಯ ಮನೆ, ಒಂದು ದೊಡ್ಡ ತಾಮ್ರದ ದೇಗ. ಇಬ್ಬರು ಗಂಡಸರು ಎತ್ತಬೇಕಾದ ಪಾತ್ರೆ ಅದು. ಓಣಿಯಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಆ ದೇಗ ಹೋಗಬೇಕು. ಆಪಾ ಜೊತೆ ಮಾತು ಬಿಟ್ಟವರ ಮನೆಗೂ ಹೋಗುತ್ತದೆ. ದೇಗ ಖಾಲಿ ವಾಪಸ್ ಬರಬಾರದು ಎಂಬುದು ಅಲ್ಲಿಯ ರಿವಾಜು. ಒಯ್ದವರು ಒಂದು ಮುಷ್ಟಿ ಸಕ್ಕರೆಯೋ, ನಾಲ್ಕು ಖಜೂರವೋ ಹಾಕಿ ಕಳಿಸುತ್ತಾರೆ.

ಗಂಡ ಹೋದ ಎರಡು ವರ್ಷಕ್ಕೆ ಆಪಾ ಹೈದರಾಬಾದಿನ ಒಂದು ಯಾತ್ರೆ ಕಂಪನಿಯ ಜೊತೆ ಸೇರಿದರು. ಮೆಕ್ಕಾದ ಉಮ್ರಾ ಯಾತ್ರೆಗೆ ಹೋಗುವ ಹೆಂಗಸರ ಗುಂಪು ನೋಡಿಕೊಳ್ಳುವುದು ಅವರ ಕೆಲಸ. ಓಡುವ ಮೆಟ್ಟಿಲಿನ ಮೇಲೆ ಕಾಲಿಡಲು ಹೆದರುವ ಮುದುಕಿಯರನ್ನು ಸೊಂಟ ಹಿಡಿದು ದಾಟಿಸುವುದರಿಂದ ಹಿಡಿದು, ಯಾರ ಗುಳಿಗೆ ಎಷ್ಟು ಗಂಟೆಗೆ ಎಂಬುದರವರೆಗೆ ಎಲ್ಲಾ ಅವರದೇ. ವರ್ಷಕ್ಕೆ ಐದು ಸಲ, ಆರು ಸಲ; ಗುಂಪಿನ ಟಿಕೆಟ್ಟು ತೆಗೆಯುವುದು ನನ್ನ ಅಂಗಡಿಯಿಂದ. ಹತ್ತು ವರ್ಷದಲ್ಲಿ ಒಂದು ಸಲವೂ ಗುಂಪು ಬಿಟ್ಟು ಮುಂಚೆ ಮನೆಗೆ ಬಂದವರಲ್ಲ. ಇಷ್ಟು ಹಾರಾಡಿದ್ದಕ್ಕೆ ವಿಮಾನ ಕಂಪನಿಯವರು ಬಂಗಾರದ ಕಾರ್ಡು ಕಳಿಸಿದರು.

ಕಾರ್ಡು ಬಂದ ವರ್ಷವೇ ಯಾತ್ರೆಯವರು ಬೇರೆ ಕಂಪನಿಯ ವಿಮಾನ ಹಿಡಿದರು. ಆಪಾ ನೆಟ್ಟಗೆ ಅಂಗಡಿಗೆ ಬಂದು ನಿಂತರು.

"ಗುರುನಾಥ ಭಾಯಿ, ಕಾರ್ಡ್ ಒಬ್ಬರ್ದು, ವಿಮಾನ ಒಬ್ಬರ್ದು. ಈಗ ಇದನ್ನ ಉಪ್ಪಿನಕಾಯಿ ಹಾಕ್ಲೇನ್ರಿ?"

"ಹಂಗಲ್ರಿ ಆಪಾ. ಎರಡೂ ಕಂಪನಿಯವ್ರು ಒಪ್ಪಂದ ಮಾಡ್ಕೊಂಡು ಬೀಗರಾಗ್ಯಾರ, ಒಬ್ಬರ ಕಾರ್ಡ್ ಇನ್ನೊಬ್ಬರ ವಿಮಾನದಾಗೂ ನಡೀತದ" ಎಂದೆ. "ಬೀಗರ ಮನಿಗಿ ಹೋದ್ರ ಮರ್ಯಾದಿ ಅದ, ಮನಿ ಮಗಳ ಸಲಿಗಿ ಇಲ್ಲ. ಉದ್ದ ಸಾಲಿನಾಗ ನಿಲ್ಲೋ ಜರೂರತ್ ಇಲ್ಲ. ಬ್ಯಾಗ್ ಒಂದು ಜಾಸ್ತಿ ಒಯ್ಯಬಹುದು. ವಿಮಾನ ಬರೋತನ ಆರಾಮ ಕೂಡ್ಲಾಕ ಲೌಂಜ್ ಅದ, ಜೊತಿಗಿ ಒಬ್ಬರ್ನ ಕರ್ಕೊಂಡು ಹೋಗ್ಬಹುದು. ಸೀಟ್ ಕಮ್ಮಿ ಬಿದ್ರ ವೇಟಿಂಗ್ ಲಿಸ್ಟಿನಾಗ ನಿಮ್ಮ ಹೆಸರು ಮ್ಯಾಲ ಬರ್ತದ. ಆದ್ರ ಮುಂದಿನ ದೊಡ್ಡ ಕುರ್ಚಿ ಮ್ಯಾಲ ಪುಕ್ಕಟ ಕೂಡಸಂಗಿಲ್ಲ. ಅದು ಅವರ ಸ್ವಂತ ಮಗಳಿಗಿ."

"ದೊಡ್ಡ ಕುರ್ಚಿ ಯಾರಿಗಿ ಬೇಕ್ರಿ" ಎಂದು ಆಪಾ ಹೋದರು. ನಾನು ಅವರ ಟಿಕೆಟ್ಟಿನಲ್ಲಿ ಕಾರ್ಡಿನ ನಂಬರು ಹಾಕಿದೆ. ಎಲ್ಲಾ ಸರಿಯಾಯಿತು ಎಂದುಕೊಂಡೆ.

ಒಂದು ತಿಂಗಳಿಗೆ ನನ್ನ ಅಂಗಡಿಯ ಮೇಲ್‌ಗೆ ಕಂಪನಿಯಿಂದ ತಾಕೀತು ಬಂತು. ಆಪಾ ಕಾರ್ಡನ್ನು ಪಕ್ಕದ ಮನೆಯ ಜುಲ್ಫೀಕಾರನಿಗೆ ಕೊಟ್ಟಿದ್ದರು. ಅವನು ಸೌದಿಯ ದಮ್ಮಾಮಿನಲ್ಲಿ ಡ್ರೈವರ್, ಅದೇ ಬೀಗರ ಕಂಪನಿಯ ವಿಮಾನದಲ್ಲಿ ಹೊರಟಿದ್ದ. ಕೌಂಟರಿನಲ್ಲಿ ಎದೆ ಉಬ್ಬಿಸಿ ಕಾರ್ಡು ಇಟ್ಟು, ಜಾಸ್ತಿ ಬ್ಯಾಗು ತೂಕಕ್ಕೆ ಏರಿಸಿದ್ದಾನೆ. ಇದು ಹೆಂಗಸಿನ ಹೆಸರಲ್ಲವೇ ಎಂದು ಕೇಳಿದರೆ, ನಮ್ಮ ಓಣಿಯ ಖಾಲಾ ಅವರದು, ನಾಲ್ಕು ದಿನಕ್ಕೆ ತಂದಿದ್ದೇನೆ, ವಾಪಸ್ ಕೊಡುತ್ತೇನೆ ಎಂದನಂತೆ. ಹಿಂದೆ ನಿಂತವರು ಬಿದ್ದು ಬಿದ್ದು ನಕ್ಕರಂತೆ. ಇನ್ನೊಮ್ಮೆ ಹೀಗಾದರೆ ಕಾರ್ಡು ರದ್ದು ಎಂದು ಮೇಲ್‌ನಲ್ಲಿ ಬರೆದಿತ್ತು. ನಾನು ಅದನ್ನು ಪ್ರಿಂಟ್ ತೆಗೆದುಕೊಂಡು ಬೈಕಿನ ಮೇಲೆ ಚಿದ್ರಿಗೆ ಹೋದೆ. ಸಿಟ್ಟು ನೆತ್ತಿಗೇರಿತ್ತು.

"ಆಪಾ, ಇದು ದೇಗ ಅಲ್ರಿ, ಓಣಿ ಮಂದಿಗಿ ಕೊಡ್ಲಾಕ!"

"ನನ್ನ ಮನ್ಯಾಗಿನ ಸಾಮಾನು ಮಂದಿಗಿ ಕೆಲ್ಸಕ್ಕ ಬರಲಿಲ್ಲಂದ್ರ ಅದನ್ನ ಯಾಕ ಇಟ್ಕೋಬೇಕ್ರಿ?"

"ಹೆಸರು ನಿಮ್ದು, ಉಪಯೋಗನೂ ನಿಮ್ದೇ. ಕಾನೂನು ಹಂಗದ."

ಆಪಾ ಸೋಲುವ ಪೈಕಿ ಅಲ್ಲ. ಚಹಾ ತಂದಿಟ್ಟು ಕೇಳಿದರು: "ನನ್ನ ಜೋಡಿ ಒಂದೇ ಟಿಕೀಟಿನಾಗ ಇದ್ದವ್ರಿಗಿ?"

ಒಂದೇ ಬುಕಿಂಗಿನಲ್ಲಿ ಇದ್ದರೆ ವೇಟಿಂಗ್ ಲಿಸ್ಟಿನಲ್ಲಿ ಇಬ್ಬರ ಹೆಸರೂ ಜೊತೆಗೇ ಮೇಲೆ ಬರುತ್ತದೆ ಎಂದು ನಾನು ಒಪ್ಪಿಕೊಳ್ಳಬೇಕಾಯಿತು. ಅಂದಿನಿಂದ ಹೊಸ ಹುಕುಂ ಆಯಿತು. ಪ್ರತಿ ಯಾತ್ರೆಯಲ್ಲಿ ಗುಂಪಿನ ಉಳಿದವರದು ಒಂದು ಬುಕಿಂಗ್, ಆಪಾ ಮತ್ತು ಯಾರಿಗೆ ಹೆಚ್ಚು ಅಗತ್ಯವೋ ಅವರದು ಇನ್ನೊಂದು. ನನಗೆ ದುಪ್ಪಟ್ಟು ಕೆಲಸ. ಗೊಣಗುತ್ತಲೇ ಮಾಡುತ್ತಿದ್ದೆ.

ಕಳೆದ ಚಳಿಗಾಲದ ಗುಂಪಿನಲ್ಲಿ ಆ ಜಾಗ ಔರಾದಿನ ತಸ್ಲೀಮ ಬೀ ಅವರದಾಯಿತು. ಅರವತ್ತೆಂಟು ವರ್ಷ, ಎರಡೂ ಮೊಳಕಾಲು ಕೈಕೊಟ್ಟಿದ್ದವು. ಓದು ಬಾರದು, ಒಬ್ಬರೇ ಭಾಲ್ಕಿಗೆ ಹೋದವರೂ ಅಲ್ಲ. ಮೊಮ್ಮಗಳು ಗುಡಿಯಾ ಮೂರು ವರ್ಷದವಳಿದ್ದಾಗ ತಾಯಿ ತೀರಿಕೊಂಡಳು. ಅಂದಿನಿಂದ ಎದೆಗೆ ಅವುಚಿಕೊಂಡು ಸಾಕಿದವರು ತಸ್ಲೀಮ ಬೀ. ಯಾತ್ರೆಯ ದಿನ ನಿಶ್ಚಯವಾದ ಮೇಲೆ ಗುಡಿಯಾಳ ನಿಕಾಹ್ ನಿಶ್ಚಯವಾಯಿತು. ವರನಿಗೆ ರಜೆ ಕಡಿಮೆ, ದಿನ ಸರಿಸುವ ಹಾಗಿಲ್ಲ. ಗುಂಪು ವಾಪಸ್ ಬರುವುದು ಗುರುವಾರ, ನಿಕಾಹ್ ಶುಕ್ರವಾರ ಜುಮ್ಮಾ ನಮಾಜಿನ ನಂತರ.

ಯಾತ್ರೆಯೇ ಬೇಡ ಎಂದು ತಸ್ಲೀಮ ಬೀ ಕೂತುಬಿಟ್ಟರು. ಅವರ ಮಗ ಉಮೇರ, ಗುಡಿಯಾಳ ಅಪ್ಪ, ತಾಯಿಯನ್ನು ನನ್ನ ಅಂಗಡಿಗೆ ಕರೆತಂದ. ಗುಡಿಯಾಳೂ ಬಂದಿದ್ದಳು, ಆಪಾ ಕೂಡ ಅಲ್ಲೇ ಕೂತಿದ್ದರು.

"ದಾದಿ, ನೀ ಹೋಗಿ ಬಾ" ಎಂದಳು ಆ ಹುಡುಗಿ. "ಆದ್ರ ನೀ ಬಾಜೂಕ ಇಲ್ದೆ ನಾ ನಿಕಾಹ್‌ಗ ಒಪ್ಪಿ ಖಬೂಲ್ ಅನ್ನಂಗಿಲ್ಲ. ಯಾರು ಹೇಳಿದ್ರೂ ಅನ್ನಂಗಿಲ್ಲ."

ಆಪಾ ಎದೆ ತಟ್ಟಿಕೊಂಡರು. "ಜುಮ್ಮಾಕಿಂತ ಮೊದಲ ನಿನ್ನ ದಾದಿನ್ನ ಔರಾದಕ್ಕ ಮುಟ್ಟಸ್ತೇನಿ. ಇದು ನನ್ನ ಜಬಾನ್, ಕೊಟ್ಟ ಮಾತು. ನನ್ನ ದೇಗನೂ ನಿನ್ನ ಮದಿವಿಗೇ ಬರ್ತದ, ಒಯ್ಯಿ."

ಆ ಗುರುವಾರ ಮಧ್ಯಾಹ್ನ ನಾನು ಬುತ್ತಿ ಬಿಚ್ಚಿದ್ದೆ. ಆಪಾ ಅವರ ಫೋನ್ ಬಂತು. ಜಿದ್ದಾದಲ್ಲಿ ಧೂಳಿನ ಗಾಳಿ ಎದ್ದು ವಿಮಾನ ತಡವಾಗಿತ್ತು, ನಡುವೆ ವಿಮಾನ ಬದಲಿಸುವ ಕೊಲ್ಲಿಯ ಊರು ಮುಟ್ಟುವಷ್ಟರಲ್ಲಿ ಹೈದರಾಬಾದಿನ ವಿಮಾನ ಹೋಗಿಬಿಟ್ಟಿತ್ತು. ಹನ್ನೆರಡು ಹೆಂಗಸರಿಗೂ ಮರುದಿನ ಸಂಜೆಯ ವಿಮಾನ ಕೊಟ್ಟಿದ್ದರು. ಅಷ್ಟರಲ್ಲಿ ಔರಾದಿನಲ್ಲಿ ನಿಕಾಹ್ ಮುಗಿದು ಊಟವೂ ಆಗಿರುತ್ತಿತ್ತು. ಗುರುವಾರವೇ ಅಲ್ಲಿಯ ನಾಲ್ಕು ಗಂಟೆಗೆ ಇನ್ನೊಂದು ವಿಮಾನ ಇತ್ತು. ಅದು ಭರ್ತಿ, ಮೇಲೆ ನಲವತ್ತು ಜನರ ವೇಟಿಂಗ್ ಲಿಸ್ಟ್.

ನಾನು ತುತ್ತು ಬಿಟ್ಟು ಕಂಪ್ಯೂಟರಿನ ಮುಂದೆ ಕೂತೆ. ಲಿಸ್ಟಿನ ತಲೆಯಲ್ಲಿ ಎರಡು ಹೆಸರು ಇರಬೇಕು, ಹಮೀದುನ್ನಿಸಾ ಮತ್ತು ತಸ್ಲೀಮ. ಕೌಂಟರಿನಲ್ಲಿ ಕೇಳಿ ಎಂದೆ. ಅವು ಅಲ್ಲೇ ಇದ್ದವು.

"ಹಂಗಾದ್ರ ನಾ ಹೋಗಿ ಹೇಳ್ತೇನಿ" ಎಂದರು ಆಪಾ. "ನಾ ಬರಂಗಿಲ್ಲ, ತಸ್ಲೀಮ ಬೀಗಿ ಒಂದು ಸೀಟ್ ಕೊಡ್ರಿ ಅಂತ."

"ತಡೀರಿ, ತಡೀರಿ!" ನಾನು ಎಷ್ಟು ಜೋರಾಗಿ ಕೂಗಿದೆನೆಂದರೆ ಪಕ್ಕದ ಝೆರಾಕ್ಸ್ ಅಂಗಡಿಯವನು ಇಣುಕಿದ. "ಈಗ ಹೇಳಿದ್ರ ಇಬ್ಬರ ಟಿಕೀಟ್ ಬ್ಯಾರಿ ಮಾಡ್ತಾರ. ಬ್ಯಾರಿ ಆದ್ರ ಅಕಿ ಹೆಸರು ನಲವತ್ತು ಮಂದಿ ಕೆಳಗ ಬೀಳ್ತದ. ಸೀಟ್ ಬರೋತನ ನೀವಿಬ್ಬರೂ ಒಂದೇ. ಬೋರ್ಡಿಂಗ್ ಪಾಸ್ ಕೈಯಾಗ ಬಂದ ಮ್ಯಾಲ ನಿಮ್ಮ ಸೀಟ್ ನೀವು ಬಿಡಬಹುದು. ಅಕಿ ಸೀಟ್ ಅಕಿದೇ ಇರ್ತದ."

"ಅಲ್ಲೀತನ?"

"ಅಲ್ಲೀತನ ಸುಮ್ಮ ಇರ್ರಿ. ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ. ಕಾರ್ಡಂತೂ ಬಂಗಾರದ್ದೇ ಅದ." ಆಮೇಲೆ ಮನಸ್ಸು ತಡೆಯದೆ ಕೇಳಿದೆ: "ಆಪಾ, ನಿಮ್ಮದೂ ಸೀಟ್ ಬರ್ತದ. ನೀವೂ ಬರ್ರಲ್ಲ. ಮದಿವಿ ಊಟ ನಿಮ್ಮ ದೇಗಿಂದೇ ಅದ."

"ಹತ್ತು ಮಂದಿ ಹೆಣ್ಮಕ್ಕಳಿಗಿ ಪರದೇಶದಾಗ ಬಿಟ್ಟು? ನನ್ನ ಹೆಸರು ಹಮೀದುನ್ನಿಸಾ ಅದರಿ."

ಇನ್ನೊಂದು ತೊಡಕು ಉಳಿದಿತ್ತು. ತಸ್ಲೀಮ ಬೀ ಒಬ್ಬರೇ ಹೇಗೆ ಬರಬೇಕು? ಅದನ್ನು ಬಿಡಿಸಿದ್ದು ನನ್ನ ಕೂಗೇ ಎಂದು ಹೇಳಿಕೊಳ್ಳಲು ನನಗೆ ಈಗಲೂ ಹೆಮ್ಮೆ. ಆಪಾ ಫೋನಿನ ಸ್ಪೀಕರ್ ಹಾಕಿದ್ದರು. ಸಾಲಿನಲ್ಲಿ ಮುಂದೆ ನಿಂತಿದ್ದ ಒಬ್ಬ ಹೆಣ್ಣುಮಗಳು ತಿರುಗಿ, "ನೀವು ಬೀದರ ಕಡಿಯವ್ರೇನ್ರಿ? ನಂದು ಭಾಲ್ಕಿ" ಎಂದಳು. ಹೆಸರು ಮಾನಸಿ, ಆ ಕೊಲ್ಲಿಯ ಊರಿನ ಆಸ್ಪತ್ರೆಯಲ್ಲಿ ನರ್ಸ್. ನಾಲ್ಕು ಗಂಟೆಯ ವಿಮಾನದಲ್ಲಿ ಅವಳ ಸೀಟು ಖಾಯಂ ಇತ್ತು. ಆಪಾ ಎಲ್ಲಾ ಸಂಗತಿ ಹೇಳಿದರು. "ಈ ಅಜ್ಜಿಗಿ ನಾ ಕರ್ಕೊಂಡು ಹೋಗ್ತೇನಿ. ಉಮೇರ ಕಾಕಾರ ಕೈಗಿ ಒಪ್ಪಿಸೇ ಮುಂದ ಹೋಗ್ತೇನಿ" ಎಂದಳು. ನಮ್ಮ ಊರಿನ ನೀರು ಕುಡಿದ ಹುಡುಗಿ, ಮತ್ತೇನು.

ಲೌಂಜಿಗೆ ಜೊತೆಗೊಬ್ಬರನ್ನು ಕರೆದೊಯ್ಯುವ ಸೌಲಭ್ಯವನ್ನೂ ಆಪಾ ಬಿಡಲಿಲ್ಲ. ತಸ್ಲೀಮ ಬೀಯನ್ನು ಲೌಂಜಿಗೆ ಕರೆದೊಯ್ದು ಕಾಲು ಚಾಚಿಸಿ ಕೂಡಿಸಿದರು, ಬಿಸಿ ಬಿಸಿ ಶೂರ್ವಾ ಸಾರು ಕುಡಿಸಿದರು. ತಾವು ಒಂದು ಗುಟುಕು ನೀರು ಕುಡಿದು ಹೊರಗಿನ ಹತ್ತು ಜನರನ್ನು ನೋಡಲು ಎದ್ದರು. ಆಮೇಲೆ ಕೌಂಟರಿನ ಮುಂದೆ ಮುಕ್ಕಾಲು ಗಂಟೆ ಬಾಯಿ ಮುಚ್ಚಿಕೊಂಡು ನಿಂತರಂತೆ. ನಾನು ಇದನ್ನು ನಂಬಿರಲಿಲ್ಲ. ಮಾನಸಿ ಆಣೆ ಮಾಡಿದ ಮೇಲೆ ನಂಬಿದೆ.

ಮೂರು ಗಂಟೆಗೆ ಎರಡು ಸೀಟು ಖಾಲಿ ಬಿದ್ದವು. ಎರಡು ಬೋರ್ಡಿಂಗ್ ಪಾಸು ಕೈಗೆ ಬಂದವು. ಆಪಾ ಒಂದನ್ನು ತಸ್ಲೀಮ ಬೀಗೆ ಕೊಟ್ಟು, ಇನ್ನೊಂದನ್ನು ಕೌಂಟರಿನ ಮೇಲೆ ವಾಪಸ್ ಇಟ್ಟರು. ಕೌಂಟರಿನ ಹೆಂಗಸು ಬೆರಗಾಗಿ, ಇಷ್ಟು ಜನ ಕಾಯುತ್ತಿದ್ದಾರೆ, ಸಿಕ್ಕ ಸೀಟು ಬೇಡವೇ ಎಂದು ಉರ್ದುವಿನಲ್ಲಿ ಕೇಳಿದಳು. ಆಪಾ ಕೊಟ್ಟ ಉತ್ತರವನ್ನು ಮಾನಸಿ ನನಗೆ ಕನ್ನಡದಲ್ಲಿ ಹೇಳಿದಳು: "ಹೆಸರು ನಂದು, ಉಪಯೋಗ ಇವರ್ದು. ಇದರಾಗ ಯಾವ್ದಾದ್ರೂ ಕಾನೂನು ಮುರೀತೇನು?"

ಆ ಹೆಂಗಸು ಕಂಪ್ಯೂಟರ್ ನೋಡಿದಳು, ಆಪಾ ಮುಖ ನೋಡಿದಳು. ಯಾವುದೂ ಮುರಿಯಲಿಲ್ಲ ಎಂದು ನಕ್ಕು, ಖಾಲಿಯಾದ ಸೀಟಿಗೆ ಲಿಸ್ಟಿನ ಮುಂದಿನವರನ್ನು ಕರೆದಳು.

ತಸ್ಲೀಮ ಬೀ ಮಾತ್ರ ಗಾಲಿಕುರ್ಚಿಯಲ್ಲಿ ಕೂತು ಅಳತೊಡಗಿದರು. "ನಿನ್ನ ಬಿಟ್ಟು ನಾ ಹೋಗಂಗಿಲ್ಲ, ಹಮೀದಾ."

"ಅಳೋದಿದ್ರ ನಾಳಿಗಿ ಗುಡಿಯಾನ ಕಳಸೋ ಮುಂದ ಅಳು" ಎಂದು ಆಪಾ ಗದರಿಸಿದರು. ಉಮೇರನ ನಂಬರು ಬರೆದ ಚೀಟಿಯನ್ನು ಅವರ ಸೆರಗಿಗೆ ಪಿನ್ ಹಾಕಿ ಸಿಕ್ಕಿಸಿದರು. ಕುರ್ಚಿ ತಿರುವಿನಲ್ಲಿ ಮರೆಯಾಗುವವರೆಗೆ ನಿಂತಿದ್ದು, ಆಮೇಲೆ ದುಪಟ್ಟಾದಿಂದ ಕಣ್ಣು ಒರೆಸಿಕೊಂಡರಂತೆ. ಇದನ್ನು ಹೇಳಿದ್ದು ಗುಂಪಿನ ಉಳಿದ ಹೆಂಗಸರು. ಆಪಾ ಅವರನ್ನು ಕೇಳಿದರೆ ಕಣ್ಣಿಗೆ ಧೂಳು ಹೋಗಿತ್ತು ಎನ್ನುತ್ತಾರೆ.

ಶುಕ್ರವಾರ ಅಂಗಡಿಗೆ ಬೀಗ ಹಾಕಿ ನಾನೂ ಔರಾದಕ್ಕೆ ಹೋದೆ. ಕಾಜಿಯವರ ಜೊತೆಯ ಸಾಕ್ಷಿಗಳು ಪರದೆಯ ಆಚೆ ಹೋಗಿ ಗುಡಿಯಾಳ ಒಪ್ಪಿಗೆ ಕೇಳಿದರು. ಆಗ ಆ ಹುಡುಗಿಯ ದನಿ ಈಚೆ ಕೂತ ನನಗೂ ಕೇಳಿಸಿತು.

"ದಾದಿ?"

"ಇಲ್ಲೇ ಇದ್ದೇನಿ, ಬೇಟಾ. ನಿನ್ನ ಬಾಜೂಕೇ ಇದ್ದೇನಿ."

"ಖಬೂಲ್" ಎಂದಳು ಗುಡಿಯಾ. ನನಗೆ ಅಳು ಬಂತು. ಸುಳ್ಳು ಯಾಕೆ ಹೇಳಲಿ, ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡೇ ಊಟಕ್ಕೆ ಕೂತೆ. ಆಪಾ ಅವರ ದೇಗದಿಂದ ಹಬೆಯಾಡುತ್ತ ಬಿರಿಯಾನಿ ಬರುತ್ತಿತ್ತು, ಅದರ ಒಡತಿ ಎಲ್ಲೋ ಪರದೇಶದಲ್ಲಿ ಹತ್ತು ಹೆಂಗಸರ ತಲೆ ಎಣಿಸುತ್ತಿದ್ದರು.

ಮರುವಾರ ಉಮೇರ ಟೆಂಪೋದಲ್ಲಿ ದೇಗ ತಂದು ಚಿದ್ರಿಯಲ್ಲಿ ಇಳಿಸಿದ. ಮುಂದಿನ ಗುಂಪಿನ ಪಾಸ್‌ಪೋರ್ಟ್ ತೆಗೆದುಕೊಳ್ಳಲು ನಾನೂ ಅಲ್ಲಿದ್ದೆ. ರಿವಾಜಿನಂತೆ ದೇಗ ಖಾಲಿ ಇರಲಿಲ್ಲ. ತಳದಲ್ಲಿ ಒಂದು ಬಟ್ಟೆಯ ಗಂಟು ಇತ್ತು. ಆಪಾ ಬಗ್ಗಿ ತೆಗೆದು ಬಿಚ್ಚಿದರು. ಸಕ್ಕರೆ, ಖಜೂರ, ಅವುಗಳ ನಡುವೆ ನಾಲ್ಕು ಮಡಿಕೆ ಮಾಡಿದ ಒಂದು ಕಾಗದ. ತಸ್ಲೀಮ ಬೀ ಹಾರಿ ಬಂದ ಬೋರ್ಡಿಂಗ್ ಪಾಸು.

"ಅಮ್ಮೀನೇ ಇಟ್ಟಾರ್ರಿ" ಎಂದ ಉಮೇರ, ಸ್ವಲ್ಪ ನಾಚಿಕೊಂಡು. "ಈಗ ಅದು ಯಾವ ಕೆಲ್ಸಕ್ಕೂ ಬರಂಗಿಲ್ಲಂದ್ರೂ ಕೇಳ್ಲಿಲ್ಲ. ಕಡಾ ತಂದಿದ್ದು ವಾಪಸ್ ಮುಟ್ಟಸ್ಬೇಕು ಅಂದ್ರು."

ಆಪಾ ಆ ಕಾಗದವನ್ನು ತೊಡೆಯ ಮೇಲಿಟ್ಟು ಮಡಿಕೆ ಬಿಡಿಸಿ ಅಂಗೈಯಿಂದ ಸವರಿದರು. ಒಳಗೆ ಹೋಗಿ ಅಕ್ಕಿ ಡಬ್ಬಿ ತೆಗೆದು, ಕಾರ್ಡಿನ ಪಕ್ಕದಲ್ಲಿ ಇಟ್ಟು, ಮುಚ್ಚಳ ಹಾಕಿ ಬಂದರು.

"ಈಗ ಹೇಳ್ರಿ ಗುರುನಾಥ ಭಾಯಿ. ಇದು ದೇಗ ಅಲ್ಲ ಅಂತಿದ್ರಲ್ಲ?"

ನಾನು ಪೆನ್ನು ತೆಗೆದು ಮುಂದಿನ ಗುಂಪಿನ ಪಟ್ಟಿ ಬಿಚ್ಚಿದೆ.

"ಈ ಸಲ ನಿಮ್ಮ ಟಿಕೀಟಿನಾಗ ಯಾರ ಹೆಸರು ಬರೀಲಿ, ಆಪಾ?" ಎಂದು ಕೇಳಿದೆ.